ಗಾಳಿ ತುಂಬಿದ ಜಾಗಕ್ಕೆ ನೀರು ಬರದು

ನೊರೆಯೆದ್ದು ಹರಿಯುವ ಹೊಳೆಯಲ್ಲಿ ಮಗುಚಿದ ದೋಣಿ ಮುಳುಗಿಹೋಗುತ್ತದೆ ಎಂಬುದು ದಡದಲ್ಲಿ ನಿಂತವರ ಭಯ. ಹೊಳೆ ಬಲ್ಲವರ ಭಯವೇ ಬೇರೆ. ನೀರು ತುಂಬಿಕೊಂಡ ದೋಣಿ ಎಷ್ಟೋ ಸಲ ಮುಳುಗುವುದಿಲ್ಲ. ನೀರಿನ ಮಟ್ಟಕ್ಕೆ ಗೇಣುದ್ದ ಕೆಳಗೆ, ಸೆಳವಿನ ವೇಗದಲ್ಲೇ ಹರಿಯುತ್ತ ಹೋಗುತ್ತದೆ. ಅದರಿಂದ ಬಿದ್ದವರು ಅದರ ಮುಂದೆ ಈಜುತ್ತಿದ್ದು, ಅವರ ಮುಂದೆ ಬಂಡೆಯೊಂದು ಎದುರಾದರೆ, ದೋಣಿಗೂ ಬಂಡೆಗೂ ನಡುವೆ ಮನುಷ್ಯದೇಹ ಸಿಕ್ಕಿಕೊಳ್ಳುತ್ತದೆ. ತೆರೆದ ದೋಣಿಯಾದ ಕೆನೂವಿನ ಒಳಗೆ ಗಾಳಿಚೀಲ ಕಟ್ಟುವುದು ಮುಖ್ಯವಾಗಿ ಈ ಅಪಾಯವನ್ನು ತಗ್ಗಿಸುವುದಕ್ಕೆ. ಚೀಲ ಎತ್ತಿ ಹಿಡಿಯುವುದು ದೋಣಿಯನ್ನು, ಉಳಿಯುವುದು ಜನ.

ಸಾಹಸ ಕ್ರೀಡೆಯತ್ತ ಹೊರಳಿರುವ ಹಾಸನ ಸೀಮೆಯ ಹುಡುಗ ಹುಡುಗಿಯರು ಈಗ ರಾಫ್ಟಿಂಗ್ ಮುಗಿಸಿ ಕಯಾಕ್, ಕೆನೂಗಳ ಕಡೆ ನೋಡುತ್ತಿದ್ದಾರೆ. ಹೆಲ್ಮೆಟ್, ಲೈಫ್ ಜಾಕೆಟ್, ಹುಟ್ಟುಗಳ ಬಗ್ಗೆ ಕೇಳಿ ತಿಳಿಯುತ್ತಾರೆ. ಗಾಳಿಚೀಲದ ಮಾತು ಬಂದಾಗ ಮಾತ್ರ 'ಯಾವುದೋ ಒಂದು ದಪ್ಪನೆಯದು ಸಾಕು' ಎಂಬಲ್ಲಿಗೆ ವಿಚಾರಣೆ ನಿಲ್ಲುತ್ತದೆ. ಚೀಲದ ಬಾಳಿಕೆ ಬಟ್ಟೆಯ ದಪ್ಪವೊಂದರಲ್ಲೇ ಇಲ್ಲ. ಅದು ಅಂಚಿನ ಬೆಸುಗೆಯಲ್ಲಿದೆ, ಗಾಳಿ ಊದುವ ಮೂತಿಯಲ್ಲಿದೆ, ಹಗ್ಗದ ಕಟ್ಟಿನಲ್ಲಿದೆ. ಎಲ್ಲಕ್ಕಿಂತ ಹೆಚ್ಚಾಗಿ ಹೊಳೆಯಿಂದ ಮನೆಗೆ ಬಂದ ಮೇಲೆ ಅದನ್ನು ನೋಡಿಕೊಳ್ಳುವ ರೀತಿಯಲ್ಲಿದೆ.

ಒಂದು ಲೀಟರಿನ ಲೆಕ್ಕ

ಬಾವಿಯಲ್ಲಿ ಈಜು ಕಲಿಯುವ ಮಕ್ಕಳ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟುತ್ತಿದ್ದ ಹಿರಿಯರಿಗೆ ಈ ತತ್ವ ಗೊತ್ತಿತ್ತು. ಬುರುಡೆಯೊಳಗಿನ ಗಾಳಿ ತನ್ನಷ್ಟೇ ಗಾತ್ರದ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಸರಿದ ನೀರಿನ ತೂಕ ಎಷ್ಟೋ ಅಷ್ಟು ಬಲ ಮೇಲ್ಮುಖವಾಗಿ ಸಿಗುತ್ತದೆ. ಆರ್ಕಿಮಿಡೀಸ್ ಹೇಳಿದ್ದು ಇದನ್ನೇ. ಒಂದು ಲೀಟರ್ ಗಾಳಿ ಸುಮಾರು ಒಂದು ಕಿಲೋ ಭಾರವನ್ನು ತೇಲಿಸುತ್ತದೆ.

ಕೆನೂವಿನಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಮುಖವಿದೆ. ಹದಿನಾರು ಅಡಿ ಉದ್ದದ ತೆರೆದ ಕೆನೂವಿನೊಳಗೆ 600 ಲೀಟರ್ ನೀರು ತುಂಬಿತು ಎಂದುಕೊಳ್ಳಿ. ಆಗ ಹೊಳೆಯಲ್ಲಿ ಹರಿಯುತ್ತಿರುವುದು ಹನ್ನೆರಡು ಮೂಟೆ ಸಿಮೆಂಟಿನಷ್ಟು ತೂಕ. ಅದನ್ನು ತಿರುಗಿಸಲು, ತಡೆಯಲು, ದಡಕ್ಕೆ ಎಳೆಯಲು ಒಬ್ಬಿಬ್ಬರ ತೋಳಿಗೆ ಸಾಧ್ಯವಿಲ್ಲ. ಅದೇ ದೋಣಿಯ ಮುಂದೆ, ಹಿಂದೆ, ನಡುವೆ ಸೇರಿ 400 ಲೀಟರ್ ಗಾಳಿ ಮೊದಲೇ ಜಾಗ ಹಿಡಿದು ಕೂತಿದ್ದರೆ ನೀರಿಗೆ ಉಳಿಯುವುದು 200 ಲೀಟರಿನ ಜಾಗ. ದೋಣಿ ಎತ್ತರವಾಗಿ ತೇಲುತ್ತದೆ, ಬಂಡೆಯ ಮೇಲಿಂದ ಜಾರಿ ದಾಟುತ್ತದೆ, ಹಿಡಿದೆಳೆದರೆ ದಡಕ್ಕೆ ಬರುತ್ತದೆ. ಚೀಲ ತೇಲಿಸುತ್ತದೆ ಎನ್ನುವುದು ಅರ್ಧ ಮಾತು. ನೀರು ಬರಬಹುದಾದ ಜಾಗವನ್ನು ಅದು ಮೊದಲೇ ತುಂಬಿರುತ್ತದೆ ಎನ್ನುವುದು ಉಳಿದರ್ಧ.

ನೀರಿನ ಒತ್ತಡದ ಲೆಕ್ಕ ಇನ್ನೂ ಕಠಿಣ. ಹರಿವಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಸೆಕೆಂಡಿಗೆ ಮೂರು ಮೀಟರ್ ವೇಗದಲ್ಲಿ, ಅಂದರೆ ಗಂಟೆಗೆ ಹನ್ನೊಂದು ಕಿಲೋಮೀಟರಿನಷ್ಟು ವೇಗದಲ್ಲಿ ಹರಿಯುವ ನೀರಿಗೆ ದೋಣಿ ಅಡ್ಡಲಾಗಿ ಸಿಕ್ಕಿ, ಅದರ ಒಂದೂವರೆ ಚದರ ಮೀಟರ್ ಭಾಗ ನೀರಿಗೆ ಎದುರಾದರೆ, ಬೀಳುವ ಒತ್ತಡ ಸುಮಾರು ಏಳುನೂರು ಕಿಲೋ ಭಾರಕ್ಕೆ ಸಮ. ಬಂಡೆಗೆ ಸುತ್ತಿಕೊಂಡು ಮಡಚಿಹೋದ ದೋಣಿಗಳು ಹೀಗೆ ಆದವು. ಚೀಲ ತುಂಬಿದ ದೋಣಿ ಬಂಡೆಗೆ ಅಂಟಿಕೊಳ್ಳುವುದು ಕಡಿಮೆ. ಅಂಟಿಕೊಂಡರೂ ಬಿಡಿಸಿಕೊಳ್ಳುವ ಅವಕಾಶ ಹೆಚ್ಚು.

ನಮ್ಮ ಹೊಳೆಗಳ ಸ್ವಭಾವ

ಹೇಮಾವತಿ ಮೂಡಿಗೆರೆ ಸೀಮೆಯಲ್ಲಿ ಹುಟ್ಟಿ, ಸಕಲೇಶಪುರ ದಾಟಿ, ಗೊರೂರಿನ ಅಣೆಕಟ್ಟೆಯಲ್ಲಿ ನಿಂತು, ಹೊಳೆನರಸೀಪುರದ ಮಗ್ಗುಲಲ್ಲಿ ಹಾದು ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಕೂಡುತ್ತದೆ. 1979ರಲ್ಲಿ ಕಟ್ಟಿ ಮುಗಿದ ಗೊರೂರು ಜಲಾಶಯದ ಗರಿಷ್ಠ ಮಟ್ಟ 2922 ಅಡಿ, ಹಿಡಿಯುವ ನೀರು 37 ಟಿಎಂಸಿಯಷ್ಟು. ಕಾವೇರಿ ಅರಕಲಗೂಡು ತಾಲ್ಲೂಕಿನ ಕೊಣನೂರು, ರಾಮನಾಥಪುರಗಳ ಪಕ್ಕದಲ್ಲಿ ಹರಿಯುತ್ತದೆ. ಚನ್ನರಾಯಪಟ್ಟಣದ ಸೀಮೆಗೆ ಹೇಮಾವತಿಯ ನೀರು ನಾಲೆಗಳ ಮೂಲಕ ಬರುತ್ತದೆ. ಬಾಗೂರು–ನವಿಲೆ ಸುರಂಗದ ಮೂಲಕ ಅದೇ ನೀರು ತುಮಕೂರಿನ ಕಡೆಗೂ ಸಾಗುತ್ತದೆ.

ಇವುಗಳಲ್ಲಿ ಯಾವುದೂ ನೊರೆನೀರಿನ ಆಟಕ್ಕೆ ಹೇಳಿ ಮಾಡಿಸಿದ್ದಲ್ಲ. ನಮ್ಮ ಸೀಮೆಯ ಯುವಕರು ನೊರೆನೀರು ಹುಡುಕಿ ಹೋಗುವುದು ದಾಂಡೇಲಿಯ ಕಾಳಿ ನದಿಗೆ, ದಕ್ಷಿಣ ಕೊಡಗಿನ ಬರಪೊಳೆಗೆ, ಗಡಿ ದಾಟಿ ಕೋಯಿಕ್ಕೋಡ್ ಜಿಲ್ಲೆಯ ಹೊಳೆಗಳಿಗೆ. ಅಲ್ಲಿ 2013ರಲ್ಲಿ ಮಲಬಾರ್ ರಿವರ್ ಫೆಸ್ಟಿವಲ್ ಹೆಸರಿನಲ್ಲಿ ಕಯಾಕಿಂಗ್ ಸ್ಪರ್ಧೆಗಳು ಶುರುವಾದವು. ಕಾಳಿಯಲ್ಲಿ ನೀರು ಎಷ್ಟಿರಬೇಕೆಂದು ಮಳೆಗಿಂತ ಹೆಚ್ಚಾಗಿ ಸೂಪಾ ಅಣೆಕಟ್ಟೆ ಹೇಳುತ್ತದೆ. ಬರಪೊಳೆಯಲ್ಲಿ ಮುಂಗಾರೇ ಹೇಳುತ್ತದೆ. ಕಲಿಯುವವರಿಗೆ ಹತ್ತಿರದ ನಿಂತ ನೀರು ಬೇಲೂರಿನ ಯಗಚಿ ಜಲಾಶಯ. ಜಲಸಾಹಸ ಕ್ರೀಡೆಗಳು ಅಲ್ಲಿ ನಡೆಯುತ್ತವೆ. ಚೀಲ ಕಟ್ಟಿದ ದೋಣಿಯನ್ನು ಮೊದಲ ಸಲ ಬೇಕೆಂದೇ ಮಗುಚಿ ನೋಡಬೇಕಾದದ್ದು ಇಂಥ ನಿಂತ ನೀರಿನಲ್ಲಿ, ತಿಳಿದವರ ಕಣ್ಣೆದುರಲ್ಲಿ.

ಬಟ್ಟೆ: ವಿನೈಲೋ, ನೈಲಾನೋ

ಮಾರುಕಟ್ಟೆಯಲ್ಲಿ ಎರಡು ಜಾತಿಯ ಚೀಲಗಳಿವೆ. ಒಂದು ಬರೀ ವಿನೈಲ್ ಹಾಳೆಯದು, ಇನ್ನೊಂದು ಒಳಮೈಗೆ ಯುರೆಥೇನ್ ಲೇಪಿಸಿದ ನೈಲಾನ್ ಬಟ್ಟೆಯದು.

ವಿನೈಲ್ ಅಗ್ಗ, ತೂತಾದರೆ ತೇಪೆ ಹಾಕುವುದು ಸುಲಭ. ಆದರೆ ತೂಕ ಹೆಚ್ಚು. ಮೆದುವಾಗಿರಲೆಂದು ಅದಕ್ಕೆ ಬೆರೆಸಿದ ರಾಸಾಯನಿಕ ವರ್ಷಗಳು ಕಳೆದಂತೆ ಹೊರಗೆ ಒಸರಿ, ಹಾಳೆ ಬಿರುಸಾಗಿ ಮಡಿಕೆಗಳಲ್ಲಿ ಸೀಳುತ್ತದೆ. ಪಶ್ಚಿಮದ ದೇಶಗಳ ಕೈಪಿಡಿಗಳು ವಿನೈಲ್ ಚಳಿಯಲ್ಲಿ ಒಡೆಯುತ್ತದೆ ಎಂದು ಎಚ್ಚರಿಸುತ್ತವೆ. ಹಾಸನದಲ್ಲಿ ಆ ಚಳಿ ಇಲ್ಲ. ನಮ್ಮ ಶತ್ರು ಬಿಸಿಲು. ಬಿಸಿಲಿಗೆ ವಿನೈಲ್ ಮೆತ್ತಗಾಗಿ ಹಿಗ್ಗುತ್ತದೆ, ಹಿಗ್ಗಿದ ಕಡೆ ತೆಳುವಾಗುತ್ತದೆ, ಮುಂದಿನ ಸಲ ಬಂಡೆಯ ಮೂಲೆ ತಾಗುವುದು ಅಲ್ಲಿಗೇ.

ನೈಲಾನ್ ಬಟ್ಟೆಯಲ್ಲಿ ಎಳೆಗಳಿರುವುದರಿಂದ ಸಣ್ಣ ತೂತು ಸುಲಭವಾಗಿ ಹರಿದು ದೊಡ್ಡದಾಗುವುದಿಲ್ಲ. ತೂಕ ಕಡಿಮೆ, ಮಡಚಿದರೆ ಚಿಕ್ಕದು, ಬೆಲೆ ಹೆಚ್ಚು. ಅದರ ಎಳೆಯ ದಪ್ಪವನ್ನು ಡೆನಿಯರ್ ಲೆಕ್ಕದಲ್ಲಿ ಹೇಳುತ್ತಾರೆ. 9000 ಮೀಟರ್ ಉದ್ದದ ಎಳೆ ಎಷ್ಟು ಗ್ರಾಂ ತೂಗುತ್ತದೋ ಅದೇ ಅದರ ಡೆನಿಯರ್. 70 ಡೆನಿಯರ್ ಬಟ್ಟೆ ಹಗುರ, ಎಚ್ಚರದಿಂದ ಬಳಸುವವರಿಗೆ ಸಾಲುತ್ತದೆ. ಬಂಡೆ, ಮುಳ್ಳು, ಬಿದಿರಿನ ಕೂಳೆಗಳಿರುವ ನಮ್ಮ ಹೊಳೆಗಳಿಗೆ, ದೋಣಿಯನ್ನು ಹತ್ತಾರು ಕೈ ಹಿಡಿಯುವ ಕ್ಲಬ್‌ಗಳಿಗೆ, 200 ಡೆನಿಯರ್ ಅಥವಾ ಅದಕ್ಕೂ ಮೇಲಿನದು ಒಳ್ಳೆಯದು.

ಡೆನಿಯರ್‌ಗಿಂತಲೂ ಮುಖ್ಯವಾದ ಪ್ರಶ್ನೆ ಒಳಗಿನ ಲೇಪದ್ದು. ಗಾಳಿ ಹಿಡಿದಿಡುವುದು ಬಟ್ಟೆಯಲ್ಲ, ಲೇಪ. ಯುರೆಥೇನ್‌ನಲ್ಲಿ ಪಾಲಿಯೆಸ್ಟರ್ ಮೂಲದ್ದು, ಪಾಲಿಈಥರ್ ಮೂಲದ್ದು ಎಂದು ಎರಡು ಬಗೆ. ಮೊದಲನೆಯದನ್ನು ತೇವ ಮತ್ತು ಶಾಖ ಸೇರಿ ನಿಧಾನವಾಗಿ ಒಡೆಯುತ್ತವೆ. ಮಲೆನಾಡಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮಡಚಿಟ್ಟ ಚೀಲ ತೆರೆದಾಗ ಒಳಮೈ ಅಂಟಂಟಾಗಿ, ಕಮಟು ವಾಸನೆ ಬಂದು, ಲೇಪ ಸಿಪ್ಪೆಯಂತೆ ಏಳುವುದಕ್ಕೆ ಇದು ಕಾರಣ. ಪಾಲಿಈಥರ್ ಲೇಪ ತೇವವನ್ನು ಬಹಳ ಚೆನ್ನಾಗಿ ತಾಳುತ್ತದೆ. ಕೊಳ್ಳುವ ಮೊದಲು ಮಾರುವವರನ್ನು ಇದೊಂದು ಮಾತು ಕೇಳಿ. ಉತ್ತರ ಕೊಡಬಲ್ಲವರು ತಮ್ಮ ಸರಕನ್ನು ಬಲ್ಲವರು.

ಅಂಚು ಮತ್ತು ಮೂತಿ

ಒಳ್ಳೆಯ ಬಟ್ಟೆಯ ಚೀಲಗಳೂ ಸಾಮಾನ್ಯವಾಗಿ ಸೋಲುವುದು ಎರಡು ಜಾಗಗಳಲ್ಲಿ: ಎರಡು ತುಂಡು ಕೂಡುವ ಅಂಚಿನಲ್ಲಿ, ಗಾಳಿ ಊದುವ ಮೂತಿಯ ಬುಡದಲ್ಲಿ.

ಅಂಚನ್ನು ಶಾಖದಿಂದ ಬೆಸೆದಿರಬೇಕು. ಬೆಸುಗೆ ಅಗಲವಾಗಿರಬೇಕು, ಉದ್ದಕ್ಕೂ ಒಂದೇ ಸಮ ಇರಬೇಕು. ಮೂಲೆಗಳು ಚೂಪಾಗಿದ್ದರೆ ಒತ್ತಡವೆಲ್ಲ ಅಲ್ಲಿಗೇ ಸೇರುತ್ತದೆ, ಗುಂಡಾಗಿದ್ದರೆ ಹಂಚಿಹೋಗುತ್ತದೆ. ಹಗ್ಗ ಕಟ್ಟಲು ಹಿತ್ತಾಳೆಯ ಕಣ್ಣುಗಳಿದ್ದರೆ ಅವು ಬೆಸುಗೆಯಿಂದಾಚೆ ಉಳಿದ ಪಟ್ಟಿಯಲ್ಲಿ ಇರಬೇಕು. ಬೆಸುಗೆಯನ್ನೇ ಕೊರೆದು ಕಣ್ಣು ಕೂರಿಸಿದ ಚೀಲವನ್ನು ಕೊಳ್ಳಬೇಡಿ.

ಮೂತಿಯಲ್ಲಿ ನೋಡಬೇಕಾದ್ದು ಮೂರು. ಬಟ್ಟೆಗೆ ಅದು ಅಗಲವಾದ ಬುಡದೊಂದಿಗೆ ಬೆಸೆದುಕೊಂಡಿದೆಯೇ? ತಿರುಗಿಸಿ ಮುಚ್ಚಿದರೆ ಕೈ ತಾಗಿದ ಮಾತ್ರಕ್ಕೆ ತೆರೆದುಕೊಳ್ಳದಷ್ಟು ಬಿಗಿಯಿದೆಯೇ? ಚೀಲ ಕಟ್ಟಿದ ಮೇಲೂ ಬಾಯಿಗೋ ಪಂಪಿಗೋ ಎಟುಕುವಷ್ಟು ಕೊಳವೆಯ ಉದ್ದವಿದೆಯೇ? ಕೊಳವೆ ಚಿಕ್ಕದಾದರೆ ಹೊಳೆಯ ನಡುವೆ ಗಾಳಿ ಸೇರಿಸಲು ಕಟ್ಟು ಬಿಚ್ಚಬೇಕಾಗುತ್ತದೆ. ಯಾರೂ ಬಿಚ್ಚುವುದಿಲ್ಲ. ಅರೆಗಾಳಿಯ ಚೀಲದಲ್ಲೇ ಮುಂದೆ ಹೋಗುತ್ತಾರೆ.

ಕೊಂಡ ದಿನವೇ ಚೀಲವನ್ನು ಊದಿ ಅಂಚಿಗೂ ಮೂತಿಯ ಬುಡಕ್ಕೂ ಸೋಪಿನ ನೊರೆ ಹಚ್ಚಿ ನೋಡಿ. ಗುಳ್ಳೆ ಏಳುವಲ್ಲಿ ಸೋರಿಕೆ ಇದೆ. ನಂತರ ಒಂದು ದಿನ ಕೋಣೆಯಲ್ಲಿ ಬಿಡಿ. ರಾತ್ರಿ ತಂಪಾದಾಗ ಗಾಳಿ ಕುಗ್ಗಿ ಚೀಲ ಮೆತ್ತಗಾಗುವುದು ಸಹಜ, ಅದು ಸೋರಿಕೆಯಲ್ಲ. ಮರುದಿನ ಅದೇ ಹೊತ್ತಿಗೆ ಒತ್ತಿ ನೋಡಿದರೆ ನಿಜ ತಿಳಿಯುತ್ತದೆ.

ಅಳತೆ ಮತ್ತು ಕಟ್ಟು

ಒಬ್ಬರೇ ಕೂರುವ ಕೆನೂಗೆ ಮುಂಬದಿಗೊಂದು, ಹಿಂಬದಿಗೊಂದು, ಹೀಗೆ ಉದ್ದನೆಯ ಎರಡು ಚೀಲ ಬೇಕು. ಇಬ್ಬರು ಕೂರುವುದಕ್ಕೆ ತುದಿಗಳ ಚಿಕ್ಕ ಚೀಲಗಳ ಜೊತೆ ನಡುವೆ ದೊಡ್ಡದೊಂದು ಬೇಕು. ಅಂಗಡಿಯ ಪಟ್ಟಿಯಲ್ಲಿ ಕೊಟ್ಟಿರುವ ಉದ್ದ ಗಾಳಿಯಿಲ್ಲದ ಚೀಲದ್ದೋ, ಊದಿದ ಚೀಲದ್ದೋ ಎಂದು ಕೇಳಿಕೊಳ್ಳಿ. ಊದಿದಾಗ ಉದ್ದ ಅಗಲ ಎರಡೂ ಕುಗ್ಗುತ್ತವೆ. ಜಾಗಕ್ಕಿಂತ ತುಸು ದೊಡ್ಡ ಚೀಲ ಕೊಂಡರೆ ಅದು ದೋಣಿಯ ಗೋಡೆಗೆ ಒತ್ತಿಕೊಂಡು ಕೂರುತ್ತದೆ, ಬಟ್ಟೆಯ ಮೇಲಿನ ಎಳೆತವೂ ಕಡಿಮೆ. ಚಿಕ್ಕದನ್ನು ಕೊಂಡು ಬಿರಿಯುವಂತೆ ಊದುವುದು ಚೀಲ ಹಾಳಾಗುವ ಹತ್ತಿರದ ದಾರಿ.

ಲಾರಿ ಟ್ಯೂಬನ್ನು ಬಳಸಬಹುದೇ ಎಂಬ ಪ್ರಶ್ನೆ ನಮ್ಮ ಕಡೆ ಬಂದೇ ಬರುತ್ತದೆ. ರಬ್ಬರು ಗಟ್ಟಿ, ಪಂಕ್ಚರ್ ಹಾಕುವವರು ಪ್ರತಿ ಊರಲ್ಲಿದ್ದಾರೆ. ಆದರೆ ಬಳೆಯಾಕಾರದ ಟ್ಯೂಬು ದೋಣಿಯ ಚೂಪು ಮೂತಿಯನ್ನು ತುಂಬುವುದಿಲ್ಲ. ನಡುವಿನ ತೂತಿನಲ್ಲೂ ಅಕ್ಕಪಕ್ಕದಲ್ಲೂ ನೀರು ನಿಲ್ಲುತ್ತದೆ. ಅದರ ಲೋಹದ ವಾಲ್ವ್ ಮೈಗೆ ಗೀರುತ್ತದೆ. ನಿಂತ ನೀರಿನ ಕಲಿಕೆಗೆ ಅದು ನಡೆದೀತು, ನೊರೆನೀರಿಗೆ ಬೇಡ. ಥರ್ಮಾಕೋಲ್ ಪುಡಿಪುಡಿಯಾಗಿ ಹೊಳೆಗೆ ಸೇರುತ್ತದೆ, ಅದೂ ಬೇಡ. ಒತ್ತಿದರೆ ಹಿಂತಿರುಗುವ, ನೀರು ಹೀರದ ಗಟ್ಟಿ ಫೋಮ್ ಮಾತ್ರ ಚೀಲಕ್ಕೆ ಒಳ್ಳೆಯ ಜೊತೆಗಾರ. ಕೂರುವ ಪೀಠವನ್ನು ಫೋಮಿನಿಂದ ಮಾಡಿ ತುದಿಗಳಿಗೆ ಚೀಲ ಕಟ್ಟಿದರೆ, ಚೀಲ ಒಡೆದರೂ ತೇಲುಬಲ ಪೂರ್ತಿ ಹೋಗುವುದಿಲ್ಲ.

ಕಟ್ಟದ ಚೀಲ ಇದ್ದೂ ಇಲ್ಲದಂತೆ. ದೋಣಿ ಮಗುಚಿದ ಕ್ಷಣ ಅದು ಮೇಲೆದ್ದು ಹಾರಿಹೋಗುತ್ತದೆ. ದೋಣಿಯ ಎರಡೂ ಅಂಚುಗಳ ಕೆಳಗೆ ಸುಮಾರು ಹತ್ತು ಸೆಂಟಿಮೀಟರಿಗೊಂದರಂತೆ ತೂತು ಕೊರೆದು, ನಾಲ್ಕು ಮಿಲಿಮೀಟರಿನಷ್ಟು ದಪ್ಪದ ಹುರಿಯನ್ನು ಅಡ್ಡಡ್ಡವಾಗಿ ಹೆಣೆದು ಚೀಲದ ಮೇಲೆ ಬಲೆಯಂತೆ ಬಿಗಿಯಬೇಕು. ಅದರ ಮೇಲೆ ಉದ್ದಕ್ಕೆ ಒಂದು ಪಟ್ಟಿ ಹಾದು ದೋಣಿಯ ತಳದ ಕೊಂಡಿಗೆ ಸೇರಬೇಕು. ಹುರಿ ಪಾಲಿಯೆಸ್ಟರ್‌ನದಾಗಿರಲಿ, ನೈಲಾನ್ ಹಗ್ಗ ನೆನೆದರೆ ಸಡಿಲವಾಗುತ್ತದೆ. ತಳಕ್ಕೆ ಕೊಂಡಿಯನ್ನು ಅಂಟಿಸುವ ಮೊದಲು ದೋಣಿ ಯಾವುದರದ್ದೆಂದು ನೋಡಿ. ಪಾಲಿಥೀನ್ ಮೈಗೆ ಸಾಮಾನ್ಯ ಅಂಟು ಹಿಡಿಯುವುದಿಲ್ಲ. ಅಲ್ಲಿ ಕೊಂಡಿಯನ್ನು ಬೋಲ್ಟಿನಿಂದಲೇ ಕೂರಿಸಬೇಕು.

ಬಲೆಯ ಸಂದುಗಳು ಕಾಲು ತೂರದಷ್ಟು ಚಿಕ್ಕವಿರಬೇಕು. ಜೋತುಬಿದ್ದ ಹಗ್ಗದ ತುದಿ ಎಲ್ಲಿಯೂ ಇರಬಾರದು. ಹಗ್ಗವಿರುವ ದೋಣಿಯಲ್ಲಿ ಕೂತವರ ಜಾಕೆಟ್ಟಿನಲ್ಲಿ ಕೈಗೆಟುಕುವಂತೆ ಒಂದು ಚಾಕು ಇರಲೇಬೇಕು.

ಬಿಸಿಲು, ಘಾಟಿ, ಕಂಪ್ರೆಸರ್

ನಮ್ಮ ಸೀಮೆಯಲ್ಲಿ ಚೀಲ ಒಡೆಯಬಹುದಾದ ಮೂರು ಸಂದರ್ಭಗಳು ಹೊಳೆಯ ಹೊರಗಿವೆ.

ಮೊದಲನೆಯದು ಬಿಸಿಲು. 25 ಡಿಗ್ರಿಯಲ್ಲಿ ಬಿಗಿಯಾಗಿ ಊದಿದ ಚೀಲ ಬಿಸಿಲಿನಲ್ಲಿ ನಿಂತ ವಾಹನದ ಮೇಲೆ 60 ಡಿಗ್ರಿಗೆ ಕಾದರೆ ಒಳಗಿನ ಗಾಳಿ ಶೇ 12ರಷ್ಟು ಹಿಗ್ಗಲು ನೋಡುತ್ತದೆ. ಹಿಗ್ಗಲು ಜಾಗವಿಲ್ಲದಿದ್ದರೆ ಅಷ್ಟೂ ಒತ್ತಡ ಬೆಸುಗೆಯ ಮೇಲೆ ಬೀಳುತ್ತದೆ. ದೋಣಿ ದಡಕ್ಕೆ ಬಂದ ಕೂಡಲೇ ಸ್ವಲ್ಪ ಗಾಳಿ ಬಿಡಬೇಕು. ನೀರಿಗಿಳಿದ ಮೇಲೆ ತಂಪಿಗೆ ಕುಗ್ಗುವುದರಿಂದ ಮತ್ತೆ ಸೇರಿಸಬೇಕು.

ಎರಡನೆಯದು ಘಾಟಿ. ಸಮುದ್ರಮಟ್ಟದ ಮಂಗಳೂರಿಗಿಂತ ಹಾಸನದಲ್ಲಿ ಗಾಳಿಯ ಒತ್ತಡ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆ. ಕರಾವಳಿಯಲ್ಲಿ ಊದಿದ ಚೀಲವನ್ನು ಹಾಗೇ ಕಟ್ಟಿಕೊಂಡು ಶಿರಾಡಿ ಘಾಟಿ ಹತ್ತಿದರೆ ಅದು ಬಿರಿಯುವಂತೆ ಉಬ್ಬುತ್ತದೆ. ಹಾಸನದಲ್ಲಿ ಊದಿ ಘಾಟಿ ಇಳಿದರೆ ಸೊರಗುತ್ತದೆ. ಊದಬೇಕಾದ್ದು ಹೊಳೆಯ ದಡದಲ್ಲಿ.

ಮೂರನೆಯದು ಪಂಕ್ಚರ್ ಅಂಗಡಿಯ ಕಂಪ್ರೆಸರ್. ಟೈರಿಗೆ ಬೇಕಾದ ಒತ್ತಡದ ಸಣ್ಣ ಪಾಲನ್ನೂ ಈ ಚೀಲಗಳು ತಾಳುವುದಿಲ್ಲ. ಚೀಲ ತುಂಬಿದ ಕೂಡಲೇ ನಿಲ್ಲಿಸದಿದ್ದರೆ ಅಂಚು ಬಿಚ್ಚಿಕೊಳ್ಳುತ್ತದೆ. ಕೈಪಂಪು ಅಥವಾ ಕಾಲುಪಂಪು ಸಾಕು. ಬಾಯಿಂದ ಊದುವುದು ತುರ್ತಿಗಷ್ಟೇ ಇರಲಿ, ಉಸಿರಿನ ತೇವ ಒಳಗೆ ಬೂಷ್ಟು ತರುತ್ತದೆ.

ಮನೆಗೆ ಬಂದ ಮೇಲೆ ಚೀಲವನ್ನು ಬಿಚ್ಚಿ, ಮರಳು ತೊಳೆದು, ನೆರಳಿನಲ್ಲಿ ಒಣಗಿಸಬೇಕು. ದೋಣಿಗೂ ಚೀಲಕ್ಕೂ ನಡುವೆ ಸಿಕ್ಕ ಮರಳೇ ಉಪ್ಪುಕಾಗದದಂತೆ ಉಜ್ಜಿ ಬಟ್ಟೆ ಸವೆಸುತ್ತದೆ. ಮಡಿಕೆ ಬೀಳದಂತೆ ಸಡಿಲವಾಗಿ ಸುರುಳಿ ಸುತ್ತಿ, ಇಲಿ ಬಾರದ ಡಬ್ಬಿಯಲ್ಲಿಡಬೇಕು. ಅಟ್ಟದ ಮೇಲೆ ಹೆಂಚಿನ ಕಾವಿಗೆ ಇಡಬಾರದು. ತೂತಾದರೆ ತೇಪೆಗೆ ವಿನೈಲ್‌ಗೆ ವಿನೈಲ್ ಅಂಟು, ನೈಲಾನ್‌ಗೆ ಯುರೆಥೇನ್ ಅಂಟು. ಸೈಕಲ್ ಟ್ಯೂಬಿನ ಸೊಲ್ಯೂಷನ್ ಎರಡಕ್ಕೂ ಸಲ್ಲದು.

ಚೀಲದಿಂದ ಆಗದ್ದು

ಇಷ್ಟೆಲ್ಲ ಸರಿಯಿದ್ದರೂ ಚೀಲ ಕಾಯಲಾರದ ನೀರು ನಮ್ಮ ಜಿಲ್ಲೆಯಲ್ಲೇ ಇದೆ. ಹೊಳೆನರಸೀಪುರ ತಾಲ್ಲೂಕಿನ ಶ್ರೀರಾಮದೇವರ ಕಟ್ಟೆ, ಅರಕಲಗೂಡು ತಾಲ್ಲೂಕಿನ ಕಟ್ಟೇಪುರದ ಕೃಷ್ಣರಾಜ ಕಟ್ಟೆಗಳಂಥ ಹಳೆಯ ಅಡ್ಡಗಟ್ಟೆಗಳ ಮೇಲೆ ನೀರು ತುಂಬಿ ಹರಿಯುವಾಗ ನೋಡಲು ಸಣ್ಣ ಜಲಪಾತದಂತೆ ಕಾಣುತ್ತದೆ. ಕಟ್ಟೆಯ ಬುಡದಲ್ಲಿ ಧುಮುಕಿದ ನೀರು ತಿರುಗಿ ಕಟ್ಟೆಯ ಕಡೆಗೇ ಎಳೆಯುತ್ತದೆ. ಸಿಕ್ಕಿದ ದೋಣಿಯನ್ನೂ ಮನುಷ್ಯನನ್ನೂ ಮತ್ತೆ ಮತ್ತೆ ಒಳಗೆ ಹೊರಳಿಸುತ್ತದೆ. ಅಲ್ಲಿನ ನೊರೆ ಅರೆನೀರು ಅರೆಗಾಳಿ. ಹಗುರವಾದ ಆ ನೊರೆಯನ್ನು ಸರಿಸಿ ಸಿಗುವ ತೇಲುಬಲ ಚೀಲಕ್ಕೂ ಲೈಫ್ ಜಾಕೆಟ್ಟಿಗೂ ಕಡಿಮೆಯೇ. ಕಟ್ಟೆ ಕಂಡರೆ ದೂರದಲ್ಲೇ ದಡ ಸೇರಿ, ದೋಣಿ ಹೊತ್ತು ನಡೆದು ದಾಟಬೇಕು.

ಚನ್ನರಾಯಪಟ್ಟಣದ ಕಡೆಯ ನಾಲೆಗಳು ನೇರವಾಗಿ, ಶಾಂತವಾಗಿ ಕಾಣುತ್ತವೆ. ಕಾಂಕ್ರೀಟಿನ ಇಳಿಜಾರು ಗೋಡೆಗೆ ಪಾಚಿ ಕಟ್ಟಿದ್ದರೆ ಈಜು ಬಲ್ಲವರೂ ಹತ್ತಿ ಬರಲಾರರು. ಮುಂದೆ ತೂಬು, ಸುರಂಗಗಳಿರುತ್ತವೆ. ಯಾವ ದೋಣಿಯೂ ಅಲ್ಲಿಗೆ ಇಳಿಯಬಾರದು. ಗೊರೂರಿನ ಗೇಟು ತೆರೆಯುವ ದಿನಗಳಲ್ಲಿ ಹೊಳೆಗೆ ಇಳಿಯಬಾರದು ಎಂಬುದನ್ನೂ ಮರೆಯಬಾರದು. ಕಾವೇರಿಯ ಕಡೆಯೂ ಇದೇ ಎಚ್ಚರ ಬೇಕು. 2018 ಮತ್ತು 2019ರ ಆಗಸ್ಟ್‌ನಲ್ಲಿ ಅದು ರಾಮನಾಥಪುರದೊಳಕ್ಕೆ ನುಗ್ಗಿದ್ದನ್ನು ಆ ಊರಿನವರು ಕಂಡಿದ್ದಾರೆ.

ತೆಪ್ಪಕ್ಕೂ ಇದೇ ಪಾಠ

ಈ ತಿಳಿವಳಿಕೆ ಸಾಹಸ ಕ್ರೀಡೆಯವರಲ್ಲೇ ಉಳಿಯಬಾರದು ಎಂಬುದು ನನ್ನ ಆಸೆ. ಫ್ರೆಂಚ್ ಮಿಷನರಿಗಳು ಕಟ್ಟಿದ ಶೆಟ್ಟಿಹಳ್ಳಿಯ ಚರ್ಚನ್ನು ಮಳೆಗಾಲದಲ್ಲಿ ಅರ್ಧ ಮುಳುಗಿಸುವ ಹೇಮಾವತಿಯ ಹಿನ್ನೀರಿನಲ್ಲಿ ಮೀನು ಹಿಡಿಯುವವರ ಬದುಕು ತೆಪ್ಪದ ಮೇಲಿದೆ. ಬಿದಿರಿನ ತೆಪ್ಪ ನೀರು ತುಂಬಿದರೂ ಒಂದಿಷ್ಟು ತೇಲುತ್ತದೆ. ಫೈಬರಿನದು ನೀರಿಗಿಂತ ಭಾರದ ವಸ್ತು, ತುಂಬಿದರೆ ತಳ ಸೇರುತ್ತದೆ.

ಅದಕ್ಕೆ ಬೇಕಾದ ತೇಲುಬಲ ದೊಡ್ಡದಲ್ಲ. 60 ಕಿಲೋದ ಫೈಬರ್ ತೆಪ್ಪ ನೀರೊಳಗೆ ತೂಗುವುದು ಇಪ್ಪತ್ತು ಕಿಲೋ ಚಿಲ್ಲರೆ. ತಲೆ ಹೊರಗಿಟ್ಟು ತೇಲಲು ಒಬ್ಬ ಮನುಷ್ಯನಿಗೆ ಬೇಕಾದ ಆಸರೆ ಐದಾರು ಕಿಲೋ. ಬಿಗಿಯಾಗಿ ಮುಚ್ಚಿದ 20 ಲೀಟರಿನ ನಾಲ್ಕು ಪ್ಲಾಸ್ಟಿಕ್ ಕ್ಯಾನುಗಳನ್ನು ತೆಪ್ಪದ ಒಳಸುತ್ತಿಗೆ ನಾಲ್ಕು ಕಡೆ ಭದ್ರವಾಗಿ ಬಿಗಿದರೆ ಸಿಗುವುದು ಎಂಬತ್ತು ಕಿಲೋ ಹತ್ತಿರದ ತೇಲುಬಲ. ತೆಪ್ಪ ತೇಲುತ್ತದೆ, ಅದನ್ನು ಹಿಡಿದು ಮೂರು ನಾಲ್ಕು ಜನ ಸಹಾಯ ಬರುವ ತನಕ ಉಳಿಯಬಲ್ಲರು. ಇದು ಲೈಫ್ ಜಾಕೆಟ್ಟಿಗೆ ಬದಲಿಯಲ್ಲ, ಅದರ ಜೊತೆಗೆ ಬೇಕಾದದ್ದು.

ಮುಂಗಾರು ಹಿಡಿಯುವ ಮೊದಲು, ಮೇ ತಿಂಗಳಲ್ಲೇ, ಕ್ಲಬ್ಬಿನವರು ಚೀಲಗಳನ್ನು ಊದಿ ನೊರೆ ಹಚ್ಚಿ ನೋಡಲಿ, ಹಳೆಯ ಹುರಿ ಬದಲಿಸಲಿ. ಮೀನುಗಾರರ ಸಹಕಾರ ಸಂಘಗಳು ತೆಪ್ಪಕ್ಕೆ ಕ್ಯಾನು ಕಟ್ಟುವ ಕೆಲಸವನ್ನು ಒಂದು ದಿನ ಎಲ್ಲರೂ ಸೇರಿ ಮಾಡಲಿ. ಗ್ರಾಮ ಪಂಚಾಯಿತಿಗಳು ಜಾಕೆಟ್ ಕೊಡಿಸುವ ಹೊಣೆ ಹೊರಲಿ. ಖರ್ಚು ಕಡಿಮೆ, ವಿದ್ಯೆ ಸರಳ. ಹೊಳೆ ತುಂಬಿದ ಮೇಲೆ ಇವುಗಳಲ್ಲಿ ಒಂದನ್ನೂ ಮಾಡಲು ಹೊತ್ತಿರುವುದಿಲ್ಲ.